ಮನೆಯ ವೈ-ಫೈ: ತೂಬಿನ ಕೀಲಿ ನಮ್ಮ ಕೈಯಲ್ಲಿರಲಿ

(ಸಂಘದ ಕಾರ್ಯದರ್ಶಿಯವರಿಂದ)

ಸೋಲೂರು ಸುತ್ತಿನ ಹಳ್ಳಿಗಳಲ್ಲಿ ನಮ್ಮ ಸದಸ್ಯರ ಎಷ್ಟೋ ಮನೆಗಳಿಗೆ ಈಗ ಫೈಬರ್ ತಂತಿ ಬಂದಿದೆ. ಪಹಣಿ ತೆಗೆಯುವುದು, ಅಡಿಕೆ ಧಾರಣೆ ನೋಡುವುದು, ಕಾಫಿ ಮಂಡಳಿಯ ದಿನದ ಬೆಲೆ ತಿಳಿಯುವುದು, ಬ್ಯಾಂಕಿನ ಹಣ ಕಳುಹಿಸುವುದು, ಮಕ್ಕಳ ಪಾಠ, ಬೆಂಗಳೂರಿನಲ್ಲಿರುವ ಮಗ-ಸೊಸೆಯೊಡನೆ ಮುಖ ನೋಡಿ ಮಾತನಾಡುವುದು, ಇವೆಲ್ಲ ಆ ಒಂದು ತಂತಿಯನ್ನು ನಂಬಿಕೊಂಡಿವೆ. ಸಂಪರ್ಕ ಕೊಡಲು ಬಂದ ಹುಡುಗ ಅರ್ಧ ಗಂಟೆಯಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿ, ಮನೆಯವರ ಫೋನಿಗೆ ಪಾಸ್‌ವರ್ಡ್ ಹಾಕಿಕೊಟ್ಟು, ಮುಂದಿನ ಮನೆಗೆ ಹೊರಟುಬಿಡುತ್ತಾನೆ. ಆಮೇಲೆ ಆ ಪೆಟ್ಟಿಗೆಯನ್ನು ಮುಟ್ಟುವವರೇ ಇಲ್ಲ. ಕೆಟ್ಟರೆ ಅವನಿಗೇ ಫೋನು. ಅವನು ಸಿಗದಿದ್ದರೆ ಸಿಗುವವರೆಗೆ ಕಾಯುವುದು.

ನಮ್ಮ ಸೀಮೆಯಲ್ಲಿ ಕೆರೆಯ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವಾಗ ಮುಚ್ಚಬೇಕು ಎಂಬುದು ಅವನಿಗೆ ತಿಳಿದಿತ್ತು. ಮನೆಯ ವೈ-ಫೈ ಪೆಟ್ಟಿಗೆಯೂ ಒಂದು ತೂಬು. ಅದಕ್ಕೆ ಮನೆಯವರಲ್ಲೇ ಒಬ್ಬರು ನೀರುಗಂಟಿಯಾಗಬೇಕು ಎಂಬುದೇ ಈ ಲೇಖನದ ಉದ್ದೇಶ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದು ಫ್ಯೂಸ್ ನೋಡುವಷ್ಟು ಧೈರ್ಯ ಮತ್ತು ಒಂದು ಸಂಜೆಯ ಬಿಡುವು ಸಾಕು.

ಪೆಟ್ಟಿಗೆಯೊಳಗೆ ಏನಿದೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಂಟರ್‌ನೆಟ್ ಬೇರೆ, ವೈ-ಫೈ ಬೇರೆ. ಹೊರಗಿನಿಂದ ತಂತಿಯಲ್ಲಿ ಮನೆಯವರೆಗೆ ಬರುವುದು ಇಂಟರ್‌ನೆಟ್. ಪೆಟ್ಟಿಗೆಯಿಂದ ನಮ್ಮ ಫೋನಿನವರೆಗೆ ಗಾಳಿಯಲ್ಲಿ ಹೋಗುವುದು ವೈ-ಫೈ. ಮೊದಲನೆಯದು ಕೆರೆಯಿಂದ ಬರುವ ಕಾಲುವೆ, ಎರಡನೆಯದು ತೋಟದೊಳಗಿನ ಪೈಪು. ಕಾಲುವೆಯಲ್ಲಿ ನೀರಿಲ್ಲದಿದ್ದರೆ ಪೈಪನ್ನು ಬಿಚ್ಚಿ ಪ್ರಯೋಜನವಿಲ್ಲ. ಪೈಪು ಕಟ್ಟಿಕೊಂಡಿದ್ದರೆ ಕಾಲುವೆಯವರನ್ನು ಬೈದು ಪ್ರಯೋಜನವಿಲ್ಲ. ‘ನೆಟ್ ಬರುತ್ತಿಲ್ಲ’ ಎಂಬ ದೂರು ಬಂದಾಗ ಇವೆರಡರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯುವುದು ಮೊದಲ ಕೆಲಸ.

ಫೈಬರ್ ಸಂಪರ್ಕವಿರುವ ಹೆಚ್ಚಿನ ಮನೆಗಳಲ್ಲಿ ಒಂದೇ ಪೆಟ್ಟಿಗೆ ಮೂರು ಕೆಲಸ ಮಾಡುತ್ತದೆ. ಗಾಜಿನೆಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಆ ಒಂದೇ ಸಂಪರ್ಕವನ್ನು ಮನೆಯ ಹಲವು ಉಪಕರಣಗಳಿಗೆ ಹಂಚುತ್ತದೆ. ರೌಟರ್ ಎಂಬುದು ಈ ಹಂಚುವ ಭಾಗದ ಹೆಸರು. ಕೊನೆಯದಾಗಿ, ರೇಡಿಯೋ ಅಲೆಗಳ ಮೂಲಕ ಮಾಹಿತಿಯನ್ನು ಕಳುಹಿಸುತ್ತದೆ ಮತ್ತು ಪಡೆಯುತ್ತದೆ. ಇದೇ ವೈ-ಫೈ. ಕೆಲವರ ಮನೆಯಲ್ಲಿ ಮೊದಲ ಕೆಲಸಕ್ಕೆ ಒಂದು, ಉಳಿದವಕ್ಕೆ ಮತ್ತೊಂದು ಎಂದು ಎರಡು ಪೆಟ್ಟಿಗೆ ಇರಬಹುದು.

ಮನೆಯೊಳಗೆ ರೇಡಿಯೋ ನಿಲಯ ಎಂಬುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದಿಂದಲೇ ಬಂದದ್ದು. ಈಗ ಪ್ರತಿ ಮನೆಯ ಗೋಡೆಯ ಮೇಲೂ ಒಂದು ಪುಟ್ಟ ನಿಲಯ ಕುಳಿತಿದೆ. ಇದು ಬಳಸುವ ಅಲೆಗಳಿಗೆ ನಾವು ಪರವಾನಗಿ ಪಡೆಯಬೇಕಾಗಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕೇಂದ್ರ ಸರ್ಕಾರ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗ 2018ರ ಅಕ್ಟೋಬರ್‌ನಲ್ಲಿ ಮುಕ್ತವಾಯಿತು. ಪರವಾನಗಿ ಇಲ್ಲವೆಂದರೆ ಹೊಣೆಯೂ ಇಲ್ಲವೆಂದು ಅರ್ಥವಲ್ಲ. ಅದನ್ನು ಮುಂದೆ ನೋಡೋಣ.

ದೀಪಗಳನ್ನು ಓದುವ ಕ್ರಮ

ಗಿಡದ ರೋಗವನ್ನು ಎಲೆಯ ಬಣ್ಣದಲ್ಲಿ ಕಾಣುವಂತೆ ಪೆಟ್ಟಿಗೆಯ ತೊಂದರೆಯನ್ನು ಅದರ ದೀಪಗಳಲ್ಲಿ ಕಾಣಬಹುದು. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ ನಾಲ್ಕು ದೀಪ ಮುಖ್ಯ.

‘ಪವರ್’ ದೀಪ ಆರಿದ್ದರೆ ಕರೆಂಟು ಅಥವಾ ಅಡಾಪ್ಟರ್ ನೋಡಿರಿ. ‘ಪಾನ್’ (ಪಿ.ಒ.ಎನ್.) ದೀಪ ಹಸಿರಾಗಿ ನಿಂತು ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಸರಿಯಾಗಿ ಬರುತ್ತಿದೆ. ‘ಲಾಸ್’ (ಎಲ್.ಒ.ಎಸ್.) ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕು ಬರುತ್ತಿಲ್ಲ, ಎಲ್ಲೋ ತಂತಿ ತುಂಡಾಗಿರಬಹುದು, ಇಲ್ಲವೆ ಹೆಚ್ಚು ಬಾಗಿರಬಹುದು. ಮರದ ಕೊಂಬೆ ಬಿದ್ದರೂ, ಜೆ.ಸಿ.ಬಿ. ಮಣ್ಣು ತೆಗೆದರೂ ಹೀಗಾಗುತ್ತದೆ. ಇದು ಕಾಲುವೆಯ ತೊಂದರೆ. ಪೆಟ್ಟಿಗೆಯಲ್ಲಿ ಎಷ್ಟು ಗುಂಡಿ ಒತ್ತಿದರೂ ಸರಿಹೋಗುವುದಿಲ್ಲ, ಕಂಪನಿಗೆ ದೂರು ಕೊಡಬೇಕು. ನಾಲ್ಕನೆಯದು ‘ವೈ-ಫೈ’ ಅಥವಾ ‘ಡಬ್ಲ್ಯು.ಎಲ್.ಎ.ಎನ್.’ ದೀಪ. ಪಾನ್ ಹಸಿರಿದ್ದು ಈ ದೀಪ ಮಾತ್ರ ಆರಿದ್ದರೆ ವೈ-ಫೈ ನಿಂತಿದೆ ಎಂದರ್ಥ. ಹಲವು ಪೆಟ್ಟಿಗೆಗಳ ಪಕ್ಕದಲ್ಲೋ ಹಿಂದೆಯೋ ವೈ-ಫೈ ಗುಂಡಿ ಇರುತ್ತದೆ. ಧೂಳು ಒರೆಸುವಾಗ ಅದು ಒತ್ತಿಹೋಗುವುದುಂಟು. ಎರಡು-ಮೂರು ಸೆಕೆಂಡು ಒತ್ತಿ ಹಿಡಿದರೆ ದೀಪ ಮತ್ತೆ ಹತ್ತುತ್ತದೆ.

ಒಂದು ಎಚ್ಚರಿಕೆ: ಫೈಬರ್ ತಂತಿಯನ್ನು ಬಿಚ್ಚಿ ಅದರ ತುದಿಯನ್ನು ಕಣ್ಣಿನ ಮುಂದೆ ಹಿಡಿದು ನೋಡಬೇಡಿರಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಹೆಚ್ಚಾಗಿ ಉಳಿದ ತಂತಿಯನ್ನು ಕಾಫಿ ಲೋಟದ ಬಾಯಿಗಿಂತ ಚಿಕ್ಕದಾಗಿ ಸುತ್ತಬೇಡಿರಿ, ಮೊಳೆಗೆ ಮಡಿಸಿ ಕಟ್ಟಬೇಡಿರಿ.

ಪೆಟ್ಟಿಗೆಯನ್ನು ಎಲ್ಲಿ ಇಡಬೇಕು?

ನಮ್ಮ ಭಾಗದ ಹಳೆಯ ಮನೆಗಳ ಗೋಡೆ ಸೈಜುಗಲ್ಲಿನದು, ಕೆಲವು ಕಡೆ ಮೇಲೆ ಚಪ್ಪಡಿ ಹಾಸು. ಮಾಗಡಿ, ರಾಮನಗರ, ಕನಕಪುರದ ಕಡೆ ನೆಲ ಅಗೆದರೆ ಸಿಗುವುದೇ ಗ್ರಾನೈಟ್ ಬಂಡೆ. ಹಿರಿಯರು ಅದರಲ್ಲೇ ಮನೆ ಕಟ್ಟಿದರು. ಅಂಥ ಮನೆ ಬೇಸಗೆಯಲ್ಲಿ ತಂಪು, ಆದರೆ ವೈ-ಫೈ ಅಲೆಗೆ ಶತ್ರು. ಒಂದೂವರೆ ಅಡಿಯ ಕಲ್ಲಿನ ಗೋಡೆ ದಾಟುವ ವೇಳೆಗೆ ಅಲೆ ಬಹಳ ಸೊರಗುತ್ತದೆ. ತಗಡಿನ ಶೀಟು, ಕಬ್ಬಿಣದ ಬೀರು, ಫ್ರಿಜ್ಜು, ಇವು ಅಲೆಯನ್ನು ಹಿಂದಕ್ಕೆ ಎರಚುತ್ತವೆ. ನೀರು ಅದನ್ನು ಹೀರುತ್ತದೆ. ಆದುದರಿಂದ ನೀರಿನ ಟ್ಯಾಂಕಿನ ಹಿಂದೆ ವೈ-ಫೈ ಸಿಗುವುದಿಲ್ಲ. ಅಡಿಕೆ ಮರದ ಕಾಂಡ, ಕಾಫಿ ಗಿಡದ ಹಸಿರೆಲೆ ಇವುಗಳಲ್ಲೂ ಇರುವುದು ನೀರೇ. ಬೇಸಗೆಯಲ್ಲಿ ಅಂಗಳದಾಚೆಗೂ ಸಿಗುತ್ತಿದ್ದ ಸಂಪರ್ಕ ಮಳೆಗಾಲದಲ್ಲಿ ಎಲೆ ತೊಯ್ದಾಗ ಕ್ಷೀಣಿಸುವುದಕ್ಕೆ ಇದು ಒಂದು ಕಾರಣ.

ಸಂಪರ್ಕ ಕೊಡುವವರು ತಂತಿ ಉಳಿಯಲೆಂದು ಬಾಗಿಲ ಪಕ್ಕದ ಮೂಲೆಯಲ್ಲಿ ಪೆಟ್ಟಿಗೆ ಕೂರಿಸುವುದು ಸಾಮಾನ್ಯ. ಹಾಗಾದರೆ ಅರ್ಧ ಅಲೆ ರಸ್ತೆಗೆ ಹೋಗುತ್ತದೆ. ತಂತಿಯನ್ನು ಇನ್ನೂ ಹತ್ತಿಪ್ಪತ್ತು ಅಡಿ ಎಳೆಸಿ ನಡುಮನೆಯಲ್ಲಿ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ತೆರೆದ ಜಾಗದಲ್ಲಿ ಕೂರಿಸಿಕೊಳ್ಳಿರಿ. ಕೋಣೆಗಳ ಬಾಗಿಲು ನೇರವಾಗಿ ಕಾಣುವ ಜಾಗವಾದರೆ ಉತ್ತಮ, ಏಕೆಂದರೆ ಮರದ ಬಾಗಿಲನ್ನು ಅಲೆ ಸುಲಭವಾಗಿ ದಾಟುತ್ತದೆ. ಅಟ್ಟದ ಮೇಲೆ, ಬೀರುವಿನೊಳಗೆ, ಟೀವಿಯ ಹಿಂದೆ ಬೇಡ. ಕೊಂಬಿನಂತಿರುವ ಆಂಟೆನಾಗಳಿದ್ದರೆ ನೆಟ್ಟಗೆ ನಿಲ್ಲಿಸಿರಿ. ಅಲೆ ಆಂಟೆನಾದ ಸುತ್ತ ಅಡ್ಡಡ್ಡ ಹರಡುತ್ತದೆ, ತುದಿಯಿಂದ ಹೊರಡುವುದು ಕಡಿಮೆ.

ಎರಡು ಪಟ್ಟಿಗಳ ವ್ಯತ್ಯಾಸವೂ ತಿಳಿದಿರಲಿ. 2.4 ಗಿಗಾಹರ್ಟ್ಸ್‌ನ ಅಲೆಯುದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಇದು ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್‌ನ ಅಲೆಯುದ್ದ ಇದರ ಅರ್ಧಕ್ಕಿಂತಲೂ ಕಡಿಮೆ. ವೇಗ ಹೆಚ್ಚು, ಕಲ್ಲಿನ ಗೋಡೆಯ ಮುಂದೆ ಮಾತ್ರ ಸೋಲುತ್ತದೆ. ಪೆಟ್ಟಿಗೆಯಿರುವ ಕೋಣೆಯಲ್ಲಿ 5, ಉಳಿದ ಕಡೆ 2.4 ಎಂದು ನೆನಪಿಟ್ಟರೆ ಸಾಕು. ಹಳೆಯ ಫೋನುಗಳು ಮತ್ತು ಮನೆಯಲ್ಲಿ ಬಳಸುವ ಅನೇಕ ಕ್ಯಾಮರಾಗಳಿಗೆ 2.4 ಮಾತ್ರ ತಿಳಿಯುತ್ತದೆ.

ವೈ-ಫೈ ಹೊಂದಿಸುವ ಕ್ರಮ

ಈಗ ಮುಖ್ಯ ಕೆಲಸಕ್ಕೆ ಬರೋಣ. ಮೊದಲು ಪೆಟ್ಟಿಗೆಯ ತಳದ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿರಿ. ಅದರಲ್ಲಿ ಪೆಟ್ಟಿಗೆಯ ವಿಳಾಸ, ಒಳಗೆ ಹೋಗುವ ಹೆಸರು ಮತ್ತು ಪಾಸ್‌ವರ್ಡ್ ಅಚ್ಚಾಗಿರುತ್ತವೆ. ಇಲ್ಲಿ ಎರಡು ಪಾಸ್‌ವರ್ಡ್‌ಗಳಿವೆ ಎಂಬುದನ್ನು ಗಮನಿಸಬೇಕು. ಒಂದು ವೈ-ಫೈ ಸೇರಲು. ಇದು ಮನೆಯ ಬಾಗಿಲಿನ ಬೀಗವಿದ್ದಂತೆ. ಇನ್ನೊಂದು ಪೆಟ್ಟಿಗೆಯ ಸೆಟ್ಟಿಂಗ್ ತೆರೆಯಲು; ಇದು ಬೀಗದ ಕೈಗಳನ್ನೆಲ್ಲ ಇಟ್ಟಿರುವ ಪೆಟ್ಟಿಗೆಯ ಕೀಲಿ. ಮೊದಲನೆಯದನ್ನು ಮಾತ್ರ ಬದಲಿಸಿ ಎರಡನೆಯದನ್ನು ಹಾಗೇ ಬಿಡುವವರೇ ಹೆಚ್ಚು.

1. ಪೆಟ್ಟಿಗೆಯೊಡನೆ ಸಂಪರ್ಕ ಮಾಡಿಕೊಳ್ಳಿರಿ. ಕಂಪ್ಯೂಟರ್ ಇದ್ದರೆ ಅದನ್ನು ನೆಟ್‌ವರ್ಕ್ ಕೇಬಲ್ ಮೂಲಕ ಪೆಟ್ಟಿಗೆಯ ‘ಲ್ಯಾನ್’ ತೂತಿಗೆ ಸೇರಿಸುವುದು ಉತ್ತಮ. ಫೋನಿನಿಂದಲೂ ಮಾಡಬಹುದು, ಆಗ ಮೊಬೈಲ್ ಡೇಟಾ ಆರಿಸಿಡಿರಿ, ಇಲ್ಲದಿದ್ದರೆ ಫೋನು ಪೆಟ್ಟಿಗೆಯನ್ನು ಬಿಟ್ಟು ಹೊರಗೆ ಹುಡುಕಲು ಹೋಗಬಹುದು.

2. ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಚೀಟಿಯಲ್ಲಿರುವ ವಿಳಾಸ ಬರೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಈ ಅಂಕಿಗಳ ವಿಳಾಸ ಮನೆಯೊಳಗಿನ ಬಳಕೆಗೆಂದೇ ಮೀಸಲು. ಅದಕ್ಕೇ ಎಲ್ಲರ ಮನೆಯಲ್ಲೂ ಅದೇ ಇದ್ದರೂ ಗೊಂದಲವಾಗುವುದಿಲ್ಲ. ‘ಸುರಕ್ಷಿತವಲ್ಲ’ ಎಂದು ಬ್ರೌಸರ್ ಹೇಳಿದರೆ ನೀವು ಬರೆದ ಅಂಕಿ ಸರಿಯಿದೆಯೇ ಎಂದು ನೋಡಿಕೊಂಡು ಮುಂದುವರಿಯಿರಿ. ಮನೆಯೊಳಗಿನ ವಿಳಾಸಕ್ಕೆ ಆ ಮಾತು ಬರುವುದು ಸಾಮಾನ್ಯ.

3. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿರಿ. ಮೊದಲ ಕೆಲಸವಾಗಿ ‘ಅಡ್ಮಿನಿಸ್ಟ್ರೇಷನ್’, ‘ಮೇಂಟೆನೆನ್ಸ್’ ಅಥವಾ ‘ಸಿಸ್ಟಂ’ ಎಂಬಲ್ಲಿ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡನ್ನು ಬದಲಿಸಿರಿ.

4. ‘ವೈರ್‌ಲೆಸ್’ ಅಥವಾ ‘ಡಬ್ಲ್ಯು.ಎಲ್.ಎ.ಎನ್.’ ಎಂಬ ಭಾಗ ತೆರೆಯಿರಿ. 2.4 ಮತ್ತು 5ಕ್ಕೆ ಬೇರೆ ಬೇರೆ ಪುಟಗಳಿರುತ್ತವೆ. ಪ್ರತಿಯೊಂದರಲ್ಲೂ ‘ಎನೇಬಲ್’ ಎಂಬುದರ ಮುಂದೆ ಗುರುತಿದೆಯೇ ನೋಡಿರಿ. ಇದೇ ವೈ-ಫೈ ಹೊತ್ತಿಸುವ ಸ್ವಿಚ್ಚು.

5. ‘ಎಸ್.ಎಸ್.ಐ.ಡಿ.’ ಎಂದರೆ ನಿಮ್ಮ ವೈ-ಫೈನ ಹೆಸರು. ದಾರಿಹೋಕರ ಫೋನಿನಲ್ಲೂ ಕಾಣುವ ಹೆಸರಿದು. ಯಜಮಾನರ ಹೆಸರು, ಫೋನ್ ನಂಬರು, ಮನೆಯ ನಂಬರು ಬೇಡ. ಎರಡು ಪಟ್ಟಿಗಳಿಗೆ ಬೇರೆ ಹೆಸರಿಟ್ಟರೆ ಯಾವುದಕ್ಕೆ ಸೇರಿದ್ದೇವೆಂದು ಮನೆಯವರಿಗೆ ತಿಳಿಯುತ್ತದೆ. ಒಂದೇ ಹೆಸರಿಟ್ಟರೆ ಫೋನು ತಾನೇ ಆರಿಸಿಕೊಳ್ಳುತ್ತದೆ. ಕಲ್ಲಿನ ಮನೆಗಳಲ್ಲಿ ಬೇರೆ ಹೆಸರು ಅನುಕೂಲ.

6. ‘ಸೆಕ್ಯುರಿಟಿ’ ಅಥವಾ ‘ಅಥೆಂಟಿಕೇಷನ್’ ಎಂಬಲ್ಲಿ ‘ಡಬ್ಲ್ಯು.ಪಿ.ಎ.-2’ ಆರಿಸಿರಿ, ಅದರ ಜೊತೆಗೆ ‘ಎ.ಇ.ಎಸ್.’ ಇರಲಿ. ಪೆಟ್ಟಿಗೆ ಹೊಸತಾಗಿದ್ದು ‘ಡಬ್ಲ್ಯು.ಪಿ.ಎ.-2/3’ ಎಂಬ ಮಿಶ್ರ ಆಯ್ಕೆ ಇದ್ದರೆ ಅದು ಇನ್ನೂ ಒಳ್ಳೆಯದು. ಅದನ್ನು ಹಾಕಿದ ಮೇಲೆ ಹಳೆಯ ಫೋನು ಸೇರದೆ ಹೋದರೆ 2ಕ್ಕೆ ಮರಳಿರಿ. ‘ಓಪನ್’ ಎಂದರೆ ಬಾಗಿಲೇ ಇಲ್ಲ. ‘ಡಬ್ಲ್ಯು.ಇ.ಪಿ.’ ಎಂಬ ಹಳೆಯ ಬೀಗವನ್ನು ಒಡೆಯುವ ಬಗೆ 2001ರಿಂದಲೂ ಎಲ್ಲರಿಗೂ ತಿಳಿದಿದೆ. ಇವೆರಡೂ ಬೇಡ.

7. ವೈ-ಫೈ ಪಾಸ್‌ವರ್ಡ್ ಎಂಟರಿಂದ ಅರವತ್ತಮೂರು ಅಕ್ಷರಗಳವರೆಗೆ ಇರಬಹುದು. ಎಂಟು ಸಾಲದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು-ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ನಡುವೆ ಅಂಕಿ ಸೇರಿಸಿದರೆ ಮನೆಯವರಿಗೆ ನೆನಪಿರುತ್ತದೆ, ಹೊರಗಿನವರಿಗೆ ಊಹೆಗೆ ನಿಲುಕದು. ಮಗುವಿನ ಹೆಸರು ಮತ್ತು ಹುಟ್ಟಿದ ವರ್ಷ, ಗಾಡಿಯ ನಂಬರು, ಒಂದರಿಂದ ಎಂಟರವರೆಗಿನ ಅಂಕಿಗಳು ಬೇಡ.

8. ‘ಚಾನೆಲ್’ ಎಂಬುದನ್ನು ‘ಆಟೋ’ದಲ್ಲೇ ಬಿಡಬಹುದು. ಅಕ್ಕಪಕ್ಕದ ಮನೆಗಳು ಒತ್ತಾಗಿದ್ದು ವೇಗ ಕುಂದುತ್ತಿದ್ದರೆ 2.4ರಲ್ಲಿ 1, 6, 11 ಇವುಗಳಲ್ಲಿ ಒಂದನ್ನು ಆರಿಸಿರಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ‘ಬ್ಯಾಂಡ್‌ವಿಡ್ತ್’ 20 ಮೆಗಾಹರ್ಟ್ಸ್ ಇರಲಿ.

9. ‘ಡಬ್ಲ್ಯು.ಪಿ.ಎಸ್.’ ಎಂಬುದನ್ನು ಆರಿಸಿರಿ. ಪಾಸ್‌ವರ್ಡ್ ಬರೆಯದೆ ಸೇರಲೆಂದು ಮಾಡಿದ ಸೌಕರ್ಯವಿದು. ಇದರ ಎಂಟಂಕಿಯ ಪಿನ್ನನ್ನು ಹನ್ನೊಂದು ಸಾವಿರ ಪ್ರಯತ್ನದೊಳಗೆ ಕಂಡುಹಿಡಿಯಬಹುದೆಂದು 2011ರಲ್ಲಿ ಬಯಲಾಯಿತು. ಯಂತ್ರಕ್ಕೆ ಅದು ಕೆಲವು ಗಂಟೆಗಳ ಕೆಲಸ. ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬುದನ್ನು ನೀವೇ ಹೊತ್ತಿಸಬೇಡಿರಿ. ಅದು ಮೊದಲೇ ಹೊತ್ತಿದ್ದರೆ ನಿಮ್ಮ ಕಂಪನಿಯವರನ್ನು ಕೇಳಿ ಆರಿಸಿರಿ.

10. ‘ಸೇವ್’ ಅಥವಾ ‘ಅಪ್ಲೈ’ ಒತ್ತಿರಿ. ಒತ್ತಿದೊಡನೆ ಫೋನಿನ ಸಂಪರ್ಕ ಕಡಿದುಹೋಗುತ್ತದೆ. ಗಾಬರಿ ಬೇಡ. ಹೆಸರು, ಪಾಸ್‌ವರ್ಡ್ ಬದಲಾಗಿರುವುದರಿಂದ ಮನೆಯ ಎಲ್ಲ ಉಪಕರಣಗಳನ್ನೂ ಹೊಸದಾಗಿ ಸೇರಿಸಬೇಕು.

ಇನ್ನು ಪೆಟ್ಟಿಗೆಯ ಹಿಂದಿನ ಸೂಜಿತೂತಿನ ‘ರೀಸೆಟ್’ ಗುಂಡಿಯ ಬಗ್ಗೆ ಒಂದು ಮಾತು. ಪಾಸ್‌ವರ್ಡ್ ಮರೆತಾಗ ಇದನ್ನು ಹತ್ತು ಸೆಕೆಂಡು ಒತ್ತಿದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುತ್ತದೆ ಎಂದು ಪೇಟೆಯಲ್ಲಿ ಹೇಳುತ್ತಾರೆ. ಅದು ನಿಜ. ಆದರೆ ಫೈಬರ್ ಪೆಟ್ಟಿಗೆಗಳಲ್ಲಿ ಅದರೊಡನೆ ನಿಮ್ಮ ಸಂಪರ್ಕದ ಬಳಕೆದಾರ ಹೆಸರು ಮೊದಲಾದ ಕಂಪನಿಯ ವಿವರಗಳೂ ಅಳಿಸಿಹೋಗಬಹುದು. ಆಗ ವೈ-ಫೈ ಬರುತ್ತದೆ, ಇಂಟರ್‌ನೆಟ್ ಬರುವುದಿಲ್ಲ. ಆ ವಿವರಗಳನ್ನು ಕಂಪನಿಯಿಂದ ಕೇಳಿ ಬರೆದಿಟ್ಟುಕೊಳ್ಳುವವರೆಗೆ ಆ ತೂತಿಗೆ ಸೂಜಿ ಹಾಕಬೇಡಿರಿ. ಸುಮ್ಮನೆ ಪೆಟ್ಟಿಗೆ ಮಂಕಾದಾಗ ಸ್ವಿಚ್ಚು ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿದರೆ ಸಾಕು.

ಬೀಗ ಹಾಕದಿದ್ದರೆ ಏನಾಗುತ್ತದೆ?

‘ನಮ್ಮ ಮನೆಯಲ್ಲಿ ಕದಿಯುವುದೇನಿದೆ? ಪಕ್ಕದವರು ಸ್ವಲ್ಪ ಬಳಸಿದರೆ ಬಳಸಲಿ’ ಎಂದು ಉದಾರವಾಗಿ ಹೇಳುವ ಸದಸ್ಯರಿದ್ದಾರೆ. ಅವರ ಉದಾರತೆಗೆ ಗೌರವವಿದೆ. ಆದರೆ ನಡೆದಿರುವ ಎರಡು ಸಂಗತಿಗಳನ್ನು ಅವರು ತಿಳಿದಿರಬೇಕು.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಒಂದು ಬೆದರಿಕೆಯ ಇ-ಮೇಲ್ ಬಂದಿತ್ತು. ಪೊಲೀಸರು ಜಾಡು ಹಿಡಿದು ಹೋದಾಗ ಅದು ನವಿ ಮುಂಬಯಿಯ ಒಂದು ಮನೆಯ ವೈ-ಫೈಗೆ ಬಂದು ನಿಂತಿತು. ಆ ಮನೆಯಲ್ಲಿದ್ದವರು ಅಮೆರಿಕದಿಂದ ಕೆಲಸಕ್ಕೆ ಬಂದಿದ್ದ ಒಬ್ಬ ವ್ಯಕ್ತಿ. ಅವರಿಗೂ ಆ ಪತ್ರಕ್ಕೂ ಸಂಬಂಧವಿರಲಿಲ್ಲ, ಯಾರೋ ಅವರ ವೈ-ಫೈ ಬಳಸಿಕೊಂಡಿದ್ದರು. ಆದರೂ ಅವರ ಕಂಪ್ಯೂಟರ್ ವಶಕ್ಕೆ ಹೋಯಿತು, ಅವರು ವಿಚಾರಣೆ ಎದುರಿಸಬೇಕಾಯಿತು. ಇಂಥ ಪ್ರಕರಣಗಳ ಬಳಿಕ 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ವೈ-ಫೈಯನ್ನು ಸುರಕ್ಷಿತವಾಗಿ ಬಳಸುವ ಬಗ್ಗೆ ಸೂಚನೆಗಳನ್ನು ಹೊರಡಿಸಿತು. ಹೊರಗಿನ ಲೋಕಕ್ಕೆ ಕಾಣುವುದು ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದು ಮಾತ್ರ. ನಮ್ಮ ಬದುವಿನೊಳಗಿನಿಂದ ಹರಿದ ನೀರಿಗೆ ಮೊದಲು ಉತ್ತರ ಕೊಡಬೇಕಾದವರು ನಾವೇ.

ಎರಡನೆಯದು ನಮ್ಮ ರಾಜ್ಯದ್ದೇ. 2017ರ ಜುಲೈ ತಿಂಗಳ ಕೊನೆಯಲ್ಲಿ ಕರ್ನಾಟಕದ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಅನೇಕರ ಮೋಡೆಮ್‌ಗಳು ಒಮ್ಮೆಲೇ ಕೆಲಸ ನಿಲ್ಲಿಸಿದವು. ದುಷ್ಟ ತಂತ್ರಾಂಶವೊಂದು ಊರೂರಿನ ಮೋಡೆಮ್‌ಗಳ ಬಾಗಿಲು ತಟ್ಟುತ್ತ ಬಂದು, ಕಾರ್ಖಾನೆಯಲ್ಲಿ ಹಾಕಿದ ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಹಾಗೇ ಇದ್ದವುಗಳೊಳಗೆ ನುಗ್ಗಿತ್ತು. ಪಾಸ್‌ವರ್ಡ್ ಬದಲಿಸಿರೆಂದು ಸಂಸ್ಥೆ ಗ್ರಾಹಕರಿಗೆ ಸೂಚಿಸಿತು. ಇದಕ್ಕೆ ಮೊದಲು, 2016ರಲ್ಲಿ, ‘ಮಿರಾಯ್’ ಎಂಬ ತಂತ್ರಾಂಶ ಇದೇ ಉಪಾಯದಿಂದ ಜಗತ್ತಿನಾದ್ಯಂತ ಮನೆಗಳ ರೌಟರ್ ಮತ್ತು ಕ್ಯಾಮರಾಗಳನ್ನು ಸೆರೆಹಿಡಿದು, ಅವುಗಳಿಂದಲೇ ದೊಡ್ಡ ದೊಡ್ಡ ಜಾಲತಾಣಗಳ ಮೇಲೆ ದಾಳಿ ಮಾಡಿಸಿತ್ತು. ಬಂದವನಿಗೆ ನಮ್ಮ ಮನೆ ಯಾವುದೆಂದು ಗೊತ್ತಿರಬೇಕಾಗಿಲ್ಲ. ಬೀಗವಿಲ್ಲದ ಪ್ರತಿ ಮನೆಯೂ ಅವನಿಗೆ ಒಂದೇ. ಮೇಲಿನ ಮೂರನೆಯ ಹೆಜ್ಜೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟಿರುವುದು ಇದಕ್ಕಾಗಿಯೇ.

ವರ್ಷಕ್ಕೆ ಎರಡು ಬಾರಿಯಾದರೂ ‘ಫರ್ಮ್‌ವೇರ್ ಅಪ್‌ಡೇಟ್’ ಇದೆಯೇ ಎಂದು ನೋಡಿರಿ. ಕಂಪನಿಯೇ ದೂರದಿಂದ ಹಾಕುವ ವ್ಯವಸ್ಥೆಯಿದ್ದರೆ ನೀವು ಮಾಡಬೇಕಾದ್ದೇನೂ ಇಲ್ಲ. ಅದು ನಡೆಯುವಾಗ ಕರೆಂಟು ಹೋಗದಂತೆ ನೋಡಿಕೊಳ್ಳಬೇಕು.

ನೆಂಟರಿಗೆ ಬೇರೆ ಬಾಗಿಲು

ಮನೆಗೆ ಬಂದವರು ಪಾಸ್‌ವರ್ಡ್ ಕೇಳಿದರೆ ಇಲ್ಲವೆನ್ನಲಾಗದು. ಅಡಿಕೆ ಸುಲಿಯಲು ಬಂದವರು, ಮದುವೆಗೆ ಬಂದ ನೆಂಟರು, ಓದುವ ಪಕ್ಕದ ಮನೆಯ ಮಕ್ಕಳು ಎಲ್ಲರೂ ಕೇಳುತ್ತಾರೆ. ಇದಕ್ಕೆ ಅನೇಕ ಪೆಟ್ಟಿಗೆಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಅನುಕೂಲವಿದೆ. ಅದನ್ನು ಹೊತ್ತಿಸಿ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿರಿ. ಜಗಲಿಯವರೆಗೆ ಬಂದವರು ಕೋಣೆಯೊಳಗೆ ಬರದಂತೆ, ಅದರಲ್ಲಿ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರ್ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಆ ಪಾಸ್‌ವರ್ಡ್ ಮಾತ್ರ ಬದಲಿಸಿದರಾಯಿತು. ಹೆಸರು ನಿಮ್ಮದೇ ಆದುದರಿಂದ ಗುರುತಿರುವವರಿಗೆ ಮಾತ್ರ ಕೊಡುವುದು ಉಚಿತ. ಕಣದಲ್ಲಿ ಹಾಕಿಸಿದ ಕ್ಯಾಮರಾ, ಫೋನಿನಿಂದ ಪಂಪು ನಡೆಸುವ ಸಾಧನ ಇವುಗಳನ್ನೂ ಈ ಬೇರೆ ಜಾಲಕ್ಕೆ ಸೇರಿಸುವುದು ಕ್ಷೇಮ. ಆ ಕ್ಯಾಮರಾದ ಪಾಸ್‌ವರ್ಡನ್ನೂ ಬದಲಿಸಲು ಮರೆಯಬಾರದು.

‘ಕನೆಕ್ಟೆಡ್ ಡಿವೈಸಸ್’ ಎಂಬಲ್ಲಿ ಯಾವ ಯಾವ ಉಪಕರಣ ಸೇರಿವೆ ಎಂಬ ಪಟ್ಟಿ ಇರುತ್ತದೆ. ತಿಂಗಳಿಗೊಮ್ಮೆ ಎಣಿಸಿರಿ. ಮನೆಯಲ್ಲಿ ಐದು ಫೋನಿದ್ದು ಪಟ್ಟಿಯಲ್ಲಿ ಹದಿನೈದಿದ್ದರೆ ಪಾಸ್‌ವರ್ಡ್ ಊರು ಸುತ್ತಿದೆ ಎಂದು ತಿಳಿಯಬೇಕು.

ಕರೆಂಟು ಮತ್ತು ಸಿಡಿಲು

ನಮ್ಮಲ್ಲಿ ಕರೆಂಟು ಹೋಗುವುದು ನಿಂತಿಲ್ಲ. ಪೆಟ್ಟಿಗೆಗೆ ಬೇಕಾದ ವಿದ್ಯುತ್ ಬಹಳ ಕಡಿಮೆ. ಹೆಚ್ಚಿನವು 12 ವೋಲ್ಟ್‌ನವು. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ, ಅದಕ್ಕೆ ಹೊಂದುವ ಪುಟ್ಟ ಯು.ಪಿ.ಎಸ್. ತಂದರೆ ಕೆಲವು ಗಂಟೆ ನಡೆಯುತ್ತದೆ. ವೋಲ್ಟ್ ಹೊಂದದ ಅಡಾಪ್ಟರ್ ಹಾಕಿದರೆ ಪೆಟ್ಟಿಗೆ ಸುಡಬಹುದು.

ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿಗೆ ವಿಶೇಷ ಎಚ್ಚರ ಬೇಕು. ಗಾಜಿನೆಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಸಿಡಿಲಿನ ಹೊಡೆತ ಸಾಮಾನ್ಯವಾಗಿ ಬರುವುದು ಕರೆಂಟಿನ ತಂತಿಯಿಂದ. ಮೋಡ ಕಟ್ಟಿದೊಡನೆ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿರಿ. ಸ್ವಿಚ್ಚು ಆರಿಸಿದರಷ್ಟೇ ಸಾಲದು. ಸಿಡಿಲು ಹತ್ತಿರ ಬಂದ ಮೇಲೆ ಮುಟ್ಟಲು ಹೋಗಬಾರದು.

ಕಣಕ್ಕೂ ತೋಟಕ್ಕೂ ಒಯ್ಯುವುದು

ಮನೆಯಿಂದ ನೂರಿನ್ನೂರು ಅಡಿ ದೂರದ ಕಣಕ್ಕೆ, ಗೋದಾಮಿಗೆ ವೈ-ಫೈ ಬೇಕೆನ್ನುವವರಿದ್ದಾರೆ. ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ‘ರಿಪೀಟರ್’ ಅರ್ಧ ದಾರಿಯಲ್ಲಿ ಒಳ್ಳೆಯ ಅಲೆ ಸಿಕ್ಕರೆ ಮಾತ್ರ ಕೆಲಸ ಮಾಡುತ್ತದೆ, ವೇಗವೂ ತಗ್ಗುತ್ತದೆ. ನೆಟ್‌ವರ್ಕ್ ಕೇಬಲ್ ಎಳೆದು ಆ ತುದಿಯಲ್ಲಿ ‘ಆಕ್ಸೆಸ್ ಪಾಯಿಂಟ್’ ಇಡುವುದು ಸರಿಯಾದ ಕ್ರಮ. ತಾಮ್ರದ ಕೇಬಲ್‌ನ ಮಿತಿ 100 ಮೀಟರ್. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಅಲ್ಲಿ ಫೈಬರ್ ಎಳೆಯುವುದೇ ಲೇಸು. ಎದುರುಬದುರು ನೇರ ಕಾಣುವ ಜಾಗವಾದರೆ ದಿಕ್ಕು ಹಿಡಿದು ಕಳುಹಿಸುವ ಆಂಟೆನಾ ಜೋಡಿಯನ್ನೂ ಬಳಸಬಹುದು. ನಡುವೆ ಅಡಿಕೆ ತೋಟವಿದ್ದರೆ ಅದು ಆಗದು.

ನಮಗೆ ಹತ್ತಿರದ ತುಮಕೂರಿನ ದೇವರಾಯನದುರ್ಗದ ಸುತ್ತ ‘ಜನಸ್ತು’ ಎಂಬ ಸಂಸ್ಥೆ ಹಳ್ಳಿಯವರ ಜೊತೆಗೂಡಿ ಇಂಥ ಪೆಟ್ಟಿಗೆಗಳನ್ನು ಒಂದಕ್ಕೊಂದು ಹೆಣೆದು ಸಮುದಾಯದ ಸ್ವಂತ ವೈ-ಫೈ ಜಾಲ ಮಾಡುವ ಕೆಲಸ ನಡೆಸಿದೆ. ಸಹಕಾರ ತತ್ತ್ವವನ್ನು ನಂಬಿದ ನಾವು ಗಮನಿಸಬೇಕಾದ ಪ್ರಯೋಗವಿದು.

ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ

ನಮ್ಮ ಸದಸ್ಯರೊಬ್ಬರು ವಯಸ್ಸಾದ ಹೆಣ್ಣುಮಗಳು, ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗ ದೂರದ ಊರಿನಲ್ಲಿ. ಸಂಪರ್ಕ ಕೊಟ್ಟ ಹುಡುಗ ಎಲ್ಲ ಪಾಸ್‌ವರ್ಡ್‌ಗಳನ್ನೂ ತನ್ನ ಫೋನಿನಲ್ಲೇ ಇಟ್ಟುಕೊಂಡಿದ್ದ. ಅವನು ಕೆಲಸ ಬಿಟ್ಟು ಹೋದ. ಮಗ ಹೊಸ ಫೋನು ಕಳುಹಿಸಿಕೊಟ್ಟಾಗ ಅದಕ್ಕೆ ವೈ-ಫೈ ಸೇರಿಸಲು ಪಾಸ್‌ವರ್ಡ್ ಹೇಳುವವರೇ ಇರಲಿಲ್ಲ. ಆ ತಾಯಿ ಮೂರು ವಾರ ಮಗನ ಮುಖ ನೋಡದೆ ಇದ್ದರು, ಡಾಕ್ಟರೊಡನೆ ವಿಡಿಯೋದಲ್ಲಿ ಮಾತನಾಡುವುದೂ ತಪ್ಪಿತು. ಪೆಟ್ಟಿಗೆ ಸರಿಯಾಗಿಯೇ ಇತ್ತು, ದೀಪಗಳೆಲ್ಲ ಹಸಿರಾಗಿದ್ದವು. ಬೇಕಾಗಿದ್ದದ್ದು ಒಂದು ಸಾಲಿನ ಬರಹ. ಕೊನೆಗೆ ಸಂಘದ ಗುಮಾಸ್ತರು ಹೋಗಿ, ಪೆಟ್ಟಿಗೆಯ ತಳದ ಚೀಟಿ ಓದಿ, ಹತ್ತು ನಿಮಿಷದಲ್ಲಿ ಸರಿಮಾಡಿ ಬಂದರು.

ಆದುದರಿಂದ ನನ್ನ ಕೋರಿಕೆ ಇಷ್ಟು. ಸಂಪರ್ಕ ಕೊಡಲು ಬಂದವರು ಹೊರಡುವ ಮೊದಲು ಪೆಟ್ಟಿಗೆಯ ವಿಳಾಸ, ಸೆಟ್ಟಿಂಗ್‌ನ ಹೆಸರು ಮತ್ತು ಪಾಸ್‌ವರ್ಡ್, ವೈ-ಫೈ ಹೆಸರು ಮತ್ತು ಪಾಸ್‌ವರ್ಡ್, ಗ್ರಾಹಕ ಸಂಖ್ಯೆ, ದೂರು ಕೊಡುವ ನಂಬರು ಇವಿಷ್ಟನ್ನು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿರಿ. ಅವರು ಹೋದ ಮೇಲೆ ಎರಡೂ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಅದರಲ್ಲೇ ಬರೆಯಿರಿ. ಆ ಪುಸ್ತಕ ಪಹಣಿ, ಪಾಸ್‌ಬುಕ್ಕುಗಳ ಜೊತೆ ಬೀರುವಿನಲ್ಲಿರಲಿ, ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಬೇಡ. ಮನೆಯಲ್ಲಿ ಯಜಮಾನರಿಗೊಬ್ಬರಿಗೇ ಅಲ್ಲದೆ, ಹಗಲೆಲ್ಲ ಮನೆಯಲ್ಲಿರುವ ಹೆಣ್ಣುಮಕ್ಕಳಿಗೂ ದೀಪ ಓದುವುದನ್ನು, ಪೆಟ್ಟಿಗೆ ಆರಿಸಿ ಹೊತ್ತಿಸುವುದನ್ನು, ಪಾಸ್‌ವರ್ಡ್ ಬದಲಿಸುವುದನ್ನು ತೋರಿಸಿಕೊಡಿರಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರು ನಮಗಿಂತ ಬೇಗ ಕಲಿಯುತ್ತಾರೆ.

ಈ ಪುಟವನ್ನು ಕತ್ತರಿಸಿ ಅದೇ ನೋಟುಪುಸ್ತಕದಲ್ಲಿ ಅಂಟಿಸಿಟ್ಟುಕೊಳ್ಳಬಹುದು. ಹೊಂದಿಸುವಾಗ ಎಲ್ಲಾದರೂ ತಡೆದು ನಿಂತರೆ, ಪೆಟ್ಟಿಗೆಯ ತಳದ ಚೀಟಿಯ ಫೋಟೋದೊಡನೆ ಕಚೇರಿಯ ವೇಳೆಯಲ್ಲಿ ಸಂಘಕ್ಕೆ ಬನ್ನಿರಿ, ಕೂತು ನೋಡೋಣ. ಪಾಸ್‌ವರ್ಡನ್ನು ಮಾತ್ರ ನಮಗೂ ಹೇಳಬೇಡಿರಿ.